ಸಟೈವಾ, ಇಂಡಿಕಾ ಎಂಬ ಹೆಸರಿಗಿಂತ ಮೊದಲು ನೋಡಬೇಕಾದ್ದು: ಕೆನಡಾದ ಅಂಗಡಿಯಲ್ಲಿ ಗಾಂಜಾ ತಳಿಯ ಆಯ್ಕೆ

ಕೆನಡಾದಲ್ಲಿ ವಯಸ್ಕರು ಗಾಂಜಾವನ್ನು ಅಂಗಡಿಯಲ್ಲಿ ಕೊಂಡು ಬಳಸುವುದಕ್ಕೆ 2018ರ ಅಕ್ಟೋಬರ್ 17ರಿಂದ ಕಾನೂನಿನ ಒಪ್ಪಿಗೆಯಿದೆ. ಟೊರೊಂಟೊ, ಮಿಸಿಸಾಗಾ, ಬ್ರಾಂಪ್ಟನ್ ಮುಂತಾದ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಕರ್ನಾಟಕದಿಂದ ಓದಲು ಹೋಗಿರುವ ವಿದ್ಯಾರ್ಥಿಗಳಿಗೂ ಇಂಥ ಅಂಗಡಿಗಳು ಈಗ ಬೀದಿಯ ಸಾಮಾನ್ಯ ನೋಟ. ಅಲ್ಲಿ ಮೊದಲ ಬಾರಿ ಕಾಲಿಟ್ಟವರಿಗೆ ಎದುರಾಗುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಸಟೈವಾ ಬೇಕೋ, ಇಂಡಿಕಾ ಬೇಕೋ, ಎರಡರ ಮಿಶ್ರಣವಾದ ಹೈಬ್ರಿಡ್ ಬೇಕೋ? ಸಟೈವಾ ಹಗಲಿನ ಉಲ್ಲಾಸಕ್ಕೆ, ಇಂಡಿಕಾ ರಾತ್ರಿಯ ನಿದ್ದೆಗೆ ಎಂಬ ವಿವರಣೆ ಅದರ ಬೆನ್ನಿಗೇ ಬರುತ್ತದೆ. ಈ ವಿಂಗಡಣೆ ನೆನಪಿಡಲು ಸುಲಭ. ಆದರೆ ಬೇಕಾದ ಪರಿಣಾಮವನ್ನು ಆರಿಸಿಕೊಳ್ಳಲು ಅದನ್ನು ನಂಬಿ ಕೂರುವಂತಿಲ್ಲ. ಟಿಎಚ್‌ಸಿ ಮತ್ತು ಸಿಬಿಡಿ ಎಂಬ ಎರಡು ರಾಸಾಯನಿಕಗಳು ಯಾವ ಪ್ರಮಾಣದಲ್ಲಿವೆ, ಒಂದು ಸಲಕ್ಕೆ ಎಷ್ಟು ಮಿಲಿಗ್ರಾಂ ದೇಹಕ್ಕೆ ಸೇರುತ್ತದೆ, ಅದು ಸೇರುವುದು ಶ್ವಾಸಕೋಶದ ಮೂಲಕವೋ ಹೊಟ್ಟೆಯ ಮೂಲಕವೋ ಎಂಬ ಮೂರು ಸಂಗತಿಗಳೇ ಪರಿಣಾಮವನ್ನು ಹೆಚ್ಚಾಗಿ ನಿರ್ಧರಿಸುತ್ತವೆ. ತಳಿಯ ಹೆಸರು ಇವೆಲ್ಲಕ್ಕಿಂತ ಬಹಳ ಹಿಂದೆ ನಿಲ್ಲುತ್ತದೆ.

ಇಲ್ಲಿರುವ ಮಾತುಗಳೆಲ್ಲ ಕೆನಡಾದ ಪರವಾನಗಿ ಪಡೆದ ಅಂಗಡಿಗಳಲ್ಲಿ, ಕಾನೂನು ನಿಗದಿಪಡಿಸಿದ ವಯಸ್ಸು ದಾಟಿದವರು ಕೊಳ್ಳುವ ಸರಕಿಗೆ ಮಾತ್ರ ಅನ್ವಯಿಸುತ್ತವೆ. ಆ ವಯಸ್ಸು ಒಂಟಾರಿಯೊ ಮತ್ತು ಹೆಚ್ಚಿನ ಪ್ರಾಂತ್ಯಗಳಲ್ಲಿ 19, ಆಲ್ಬರ್ಟಾದಲ್ಲಿ 18, ಕ್ವಿಬೆಕ್‌ನಲ್ಲಿ 21. ಭಾರತದ ಕಾನೂನು ಬೇರೆಯೇ ಆಗಿದ್ದು, ಅದರ ವಿಷಯ ಮುಂದೆ ಬರುತ್ತದೆ.

ಹೆಸರುಗಳು ಎಲ್ಲಿ ದಾರಿ ತಪ್ಪಿಸುತ್ತವೆ

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಯೂರೋಪಿನ ನಾರಿನ ಗಿಡವನ್ನು ಕ್ಯಾನಬಿಸ್ ಸಟೈವಾ ಎಂದು ದಾಖಲಿಸಿದನು. ಫ್ರಾನ್ಸಿನ ನಿಸರ್ಗವಿಜ್ಞಾನಿ ಲಮಾರ್ಕ್ 1785ರಲ್ಲಿ ಭಾರತದಿಂದ ಬಂದ ಮಾದರಿಗಳನ್ನು ಪರಿಶೀಲಿಸಿ, ಅವು ಬೇರೆ ಜಾತಿಯವೆಂದು ತೀರ್ಮಾನಿಸಿ ಕ್ಯಾನಬಿಸ್ ಇಂಡಿಕಾ ಎಂಬ ಹೆಸರಿಟ್ಟನು. ಇಬ್ಬರ ಗಮನವೂ ಗಿಡದ ಎತ್ತರ, ಎಲೆಯ ಅಗಲ, ಕಾಂಡದ ಗಡಸುತನಗಳಂಥ ಲಕ್ಷಣಗಳ ಮೇಲಿತ್ತು. ಉಲ್ಲಾಸಕ್ಕೊಂದು, ನಿದ್ದೆಗೊಂದು ಎಂಬ ಹಂಚಿಕೆ ಬಹಳ ತಡವಾಗಿ, ವ್ಯಾಪಾರದ ಜೊತೆಗೆ ಬಂದದ್ದು. ಅಷ್ಟು ಹೊತ್ತಿಗೆ ಬೆಳೆಗಾರರು ದಶಕಗಳ ಕಾಲ ಎರಡೂ ಬಗೆಯ ಗಿಡಗಳನ್ನು ಮತ್ತೆ ಮತ್ತೆ ಬೆರೆಸಿಯಾಗಿತ್ತು. ಹೀಗಾಗಿ ಇಂದು ಅಂಗಡಿಯಲ್ಲಿ ಸಿಗುವ ಹೂವುಗಳಲ್ಲಿ ಬಹುಪಾಲು ಯಾವುದೋ ಒಂದು ಮಟ್ಟದ ಮಿಶ್ರತಳಿಗಳೇ ಆಗಿವೆ.

ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರು ನೂರಾರು ಮಾದರಿಗಳ ವಂಶವಾಹಿಯನ್ನೂ ರಾಸಾಯನಿಕಗಳನ್ನೂ ಹೋಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಟೈವಾ ಮತ್ತು ಇಂಡಿಕಾ ಎಂಬ ಹಣೆಪಟ್ಟಿಗಳಿಗೂ ಗಿಡದ ಒಟ್ಟಾರೆ ವಂಶಕ್ಕೂ ಗಟ್ಟಿಯಾದ ಸಂಬಂಧವಿಲ್ಲವೆಂದು ಕಂಡುಬಂದಿತು. ಪರಿಮಳ ಕೊಡುವ ಕೆಲವೇ ರಾಸಾಯನಿಕಗಳ ವಿಷಯದಲ್ಲಿ ಮಾತ್ರ ವ್ಯತ್ಯಾಸವಿತ್ತು: ಇಂಡಿಕಾ ಎಂದು ಕರೆಯಲಾದ ಮಾದರಿಗಳಲ್ಲಿ ಮಿರ್ಸೀನ್ ಹೆಚ್ಚಿತ್ತು. ಅಂದರೆ ಬೆಳೆಗಾರರು ಗಿಡದ ವಾಸನೆಯ ಮೇಲೆಯೇ ಅದಕ್ಕೊಂದು ಗುಂಪು ಕಟ್ಟಿರುವ ಸಂಭವ ಹೆಚ್ಚು. ಅಮೆರಿಕದ ಆರು ರಾಜ್ಯಗಳ ಸುಮಾರು 90,000 ಮಾದರಿಗಳ ಪ್ರಯೋಗಾಲಯ ವರದಿಗಳನ್ನು ವಿಶ್ಲೇಷಿಸಿ 2022ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವೂ, ಈ ಹಣೆಪಟ್ಟಿಗಳು ಒಳಗಿನ ರಸಾಯನಕ್ಕೆ ಹೊಂದಿಕೆಯಾಗುವುದಿಲ್ಲ ಎಂಬ ತೀರ್ಮಾನಕ್ಕೇ ಬಂದಿತು.

ಬ್ಲೂ ಡ್ರೀಮ್, ಪಿಂಕ್ ಕುಶ್, ಜ್ಯಾಕ್ ಹೆರರ್, ಓಜಿ ಕುಶ್ ಮುಂತಾದ ತಳಿಯ ಹೆಸರುಗಳ ಸ್ಥಿತಿಯೂ ಇದಕ್ಕಿಂತ ಹೆಚ್ಚು ಭದ್ರವಾಗಿಲ್ಲ. ನಮ್ಮಲ್ಲಿ ಭತ್ತದ ಅಥವಾ ರಾಗಿಯ ತಳಿಯೊಂದನ್ನು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದರೆ ಅದರ ಗುಣಗಳಿಗೆ ದಾಖಲೆಯಿರುತ್ತದೆ, ಪ್ರಮಾಣೀಕೃತ ಬೀಜವಿರುತ್ತದೆ. ಗಾಂಜಾದ ಹೆಚ್ಚಿನ ಹೆಸರುಗಳು ಹುಟ್ಟಿದ್ದು ಕಾನೂನಿನ ಕಣ್ಣು ತಪ್ಪಿಸಿ ಬೆಳೆಯುತ್ತಿದ್ದ ಕಾಲದಲ್ಲಿ. ಅಂಥ ದಾಖಲೆ ಆಗ ಸಾಧ್ಯವೇ ಇರಲಿಲ್ಲ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಅಂಗಡಿಗಳಲ್ಲಿ ಮಾರಾಟವಾಗುವ ಮಾದರಿಗಳು ವಂಶವಾಹಿಯಲ್ಲಿಯೇ ಬೇರೆಯಾಗಿರುವುದನ್ನು ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಗೆಳೆಯರೊಬ್ಬರಿಗೆ ಒಂದು ಹೆಸರಿನ ಹೂವು ಹಿತವಾಯಿತೆಂದು ಅದೇ ಹೆಸರನ್ನು ಹುಡುಕಿಕೊಂಡು ಹೋದರೆ ಅದೇ ಗಿಡ ಸಿಗುತ್ತದೆಂಬ ಖಾತರಿಯಿಲ್ಲ.

ಹೋಲಿಸಬೇಕಾದ ಮೂರು ಬಗೆಗಳು

ಹಾಗಾದರೆ ಯಾವುದನ್ನು ಹೋಲಿಸಬೇಕು? ಸಸ್ಯವಿಜ್ಞಾನಿಗಳು 1970ರ ದಶಕದಿಂದಲೇ ಗಾಂಜಾವನ್ನು ಅದರೊಳಗಿನ ರಸಾಯನದ ಆಧಾರದ ಮೇಲೆ ಮೂರು ಬಗೆಗಳಾಗಿ ವಿಂಗಡಿಸುತ್ತ ಬಂದಿದ್ದಾರೆ, ಮತ್ತು ಕೊಳ್ಳುವವರಿಗೆ ಈ ವಿಂಗಡಣೆಯೇ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮೊದಲನೆಯದರಲ್ಲಿ ಟಿಎಚ್‌ಸಿ ಪ್ರಧಾನವಾಗಿದ್ದು ಸಿಬಿಡಿ ಹೆಸರಿಗಷ್ಟೇ ಇರುತ್ತದೆ. ಅಂಗಡಿಯಲ್ಲಿರುವ ಹೂವುಗಳಲ್ಲಿ ಬಹುಪಾಲು ಈ ಬಗೆಯವು. ಎರಡನೆಯದರಲ್ಲಿ ಎರಡೂ ಹೆಚ್ಚು ಕಡಿಮೆ ಸಮವಾಗಿರುತ್ತವೆ. ಮೂರನೆಯದರಲ್ಲಿ ಸಿಬಿಡಿ ಪ್ರಧಾನ. ಎಸಿಡಿಸಿ ಎಂಬ ಹೆಸರಿನ ತಳಿ ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತದೆ. ಸಟೈವಾ, ಇಂಡಿಕಾ ಎಂಬ ಹಣೆಪಟ್ಟಿ ಈ ಮೂರರಲ್ಲಿ ಯಾವುದರ ಮೇಲೆ ಬೇಕಾದರೂ ಇರಬಹುದು.

ಅಮಲು ಕೊಡುವುದು ಟಿಎಚ್‌ಸಿ. ಇಸ್ರೇಲಿನಲ್ಲಿ ರಫಾಯಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಇದನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಮಿದುಳಿನಲ್ಲಿರುವ ಸಿಬಿ1 ಎಂಬ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು ಅದು ಮನಸ್ಸಿನ ಸ್ಥಿತಿ, ಹಸಿವು, ನೆನಪು, ಕಾಲದ ಅರಿವು, ಚಲನೆ ಎಲ್ಲವನ್ನೂ ಬದಲಿಸುತ್ತದೆ. ಹೃದಯದ ಬಡಿತವನ್ನೂ ಏರಿಸುತ್ತದೆ. ಸಿಬಿಡಿ ಈ ಗ್ರಾಹಕಗಳಿಗೆ ಆ ರೀತಿಯಲ್ಲಿ ಅಂಟಿಕೊಳ್ಳುವುದಿಲ್ಲವಾದ್ದರಿಂದ ಅಮಲು ತರುವುದಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದಂತೆಯೇ: ಅಮಲು ಬೇಕಿಲ್ಲದವರು ಮೂರನೆಯ ಬಗೆಯನ್ನು, ಹಗುರವಾದ ಅಮಲು ಸಾಕೆನ್ನುವವರು ಎರಡನೆಯದನ್ನು ನೋಡಬೇಕು. ಮೊದಲ ಬಗೆ ಈಗಾಗಲೇ ಅಭ್ಯಾಸವಿದ್ದು ತಮ್ಮ ಪ್ರಮಾಣ ತಿಳಿದಿರುವವರಿಗೆ ಮಾತ್ರ ಸರಿ.

ಸಿಬಿಡಿ ಜೊತೆಗಿದ್ದರೆ ಟಿಎಚ್‌ಸಿಯ ಅಹಿತಕರ ಪರಿಣಾಮಗಳನ್ನು ಅದು ತಡೆಯುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಇದನ್ನು ಪೂರ್ತಿಯಾಗಿ ನಂಬುವುದು ಅಪಾಯಕರ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 46 ಮಂದಿ ಆರೋಗ್ಯವಂತರಿಗೆ 10 ಮಿಲಿಗ್ರಾಂ ಟಿಎಚ್‌ಸಿಯ ಆವಿಯನ್ನು, ಸಿಬಿಡಿ ಇಲ್ಲದೆಯೂ ಅದರ ಸಮ, ಇಮ್ಮಡಿ, ಮುಮ್ಮಡಿ ಸಿಬಿಡಿಯೊಂದಿಗೂ ಕೊಟ್ಟು ನೋಡಿದಾಗ, ನೆನಪಿನ ಕುಂದಾಗಲಿ ಸಂಶಯದಂಥ ಲಕ್ಷಣಗಳಾಗಲಿ ಸಿಬಿಡಿಯಿಂದ ಕಡಿಮೆಯಾಗಲಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 20 ಮಿಲಿಗ್ರಾಂ ಟಿಎಚ್‌ಸಿಯನ್ನು 640 ಮಿಲಿಗ್ರಾಂ ಸಿಬಿಡಿಯೊಂದಿಗೆ ತಿನ್ನಲು ಕೊಟ್ಟಾಗ ಫಲಿತಾಂಶ ಇನ್ನೂ ತಿರುಗುಮುರುಗಾಯಿತು: ಯಕೃತ್ತು ಟಿಎಚ್‌ಸಿಯನ್ನು ಕರಗಿಸುವ ಕೆಲಸಕ್ಕೆ ಸಿಬಿಡಿ ಅಡ್ಡಬಂದು, ರಕ್ತದಲ್ಲಿ ಟಿಎಚ್‌ಸಿ ಹೆಚ್ಚಾಗಿ, ಅಮಲು ಬಲವಾಯಿತು. ಆದುದರಿಂದ ಸಮಪ್ರಮಾಣದ ಸರಕಿನ ನಿಜವಾದ ಅನುಕೂಲವೆಂದರೆ ಅದರಲ್ಲಿ ಟಿಎಚ್‌ಸಿ ಸಾಮಾನ್ಯವಾಗಿ ಕಡಿಮೆ ಇರುವುದು. ಸಿಬಿಡಿ ಕಾವಲಿಗಿದೆಯೆಂದು ಪ್ರಮಾಣವನ್ನು ಏರಿಸುವುದು ಸಲ್ಲದು.

ಶೇಕಡಾವಾರು ಮತ್ತು ಪ್ರಮಾಣ

ಅಂಗಡಿಯಲ್ಲಿ ಜನ ಹೆಚ್ಚಾಗಿ ಹೋಲಿಸುವ ಸಂಖ್ಯೆಯೆಂದರೆ ಟಿಎಚ್‌ಸಿಯ ಶೇಕಡಾವಾರು. ಶೇ. 28 ಇರುವುದು ಶೇ. 18 ಇರುವುದಕ್ಕಿಂತ ಉತ್ತಮ, ಕೊಟ್ಟ ಹಣಕ್ಕೆ ಹೆಚ್ಚು ಬೆಲೆ ಎಂಬ ಲೆಕ್ಕ ಅದರ ಹಿಂದಿರುತ್ತದೆ. ಡಿಕಾಕ್ಷನ್ ಎಷ್ಟು ಗಟ್ಟಿಯಿದೆ ಎಂಬುದರ ಜೊತೆಗೆ ಎಷ್ಟು ಲೋಟ ಕುಡಿದಿರಿ ಎಂಬುದೂ ನಿದ್ದೆಗೆಡಿಸುವಂತೆ, ಇಲ್ಲಿಯೂ ಶೇಕಡಾವಾರನ್ನು ತೂಕಕ್ಕೆ ಗುಣಿಸಿದಾಗಲೇ ಅರ್ಥ ಹುಟ್ಟುತ್ತದೆ. ಕೆನಡಾದ ಲೇಬಲ್ಲಿನಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಗ್ರಾಮಿಗೆ ಇಷ್ಟು ಮಿಲಿಗ್ರಾಂ ಎಂದಿರುತ್ತದೆ. 200 ಎಂದಿದ್ದರೆ ಶೇ. 20. ಅಂಥ ಹೂವನ್ನು ತುಂಬಿ ಮೊದಲೇ ಸುತ್ತಿಟ್ಟ ಅರ್ಧ ಗ್ರಾಮಿನ ಪ್ರೀ-ರೋಲ್‌ನಲ್ಲಿ 100 ಮಿಲಿಗ್ರಾಂ ಟಿಎಚ್‌ಸಿ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಉರಿದು, ಹೊಗೆಯಾಗಿ ಹಾರಿಹೋಗುತ್ತದೆಯಾದರೂ ಉಳಿದದ್ದೇ ಹೊಸಬರಿಗೆ ಬಹಳ ಹೆಚ್ಚು. ಟಿಎಚ್‌ಸಿ ಎಂದೊಂದು, ಟೋಟಲ್ ಟಿಎಚ್‌ಸಿ ಎಂದೊಂದು ಹೀಗೆ ಎರಡು ಸಂಖ್ಯೆಗಳಿದ್ದರೆ ಟೋಟಲ್ ಎಂದಿರುವುದನ್ನೇ ನೋಡಬೇಕು. ಹಸಿ ಹೂವಿನಲ್ಲಿ ಟಿಎಚ್‌ಸಿ ಆಮ್ಲದ ರೂಪದಲ್ಲಿದ್ದು, ಬಿಸಿ ತಾಗಿದ ಮೇಲೆ ಸಿಗುವ ಮೊತ್ತವನ್ನು ಆ ಸಂಖ್ಯೆ ಹೇಳುತ್ತದೆ.

ಹೆಚ್ಚು ಶೇಕಡಾವಾರು ಹೆಚ್ಚು ಆನಂದ ಕೊಡುತ್ತದೆ ಎಂಬುದಕ್ಕೂ ಆಧಾರ ದುರ್ಬಲ. ಕೊಲರಾಡೊದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಭ್ಯಾಸವಿದ್ದವರು ಶೇ. 16 ಅಥವಾ ಶೇ. 24ರ ಹೂವನ್ನು, ಇಲ್ಲವೇ ಶೇ. 70 ಅಥವಾ ಶೇ. 90ರ ಸಾರವನ್ನು ತಮ್ಮಿಷ್ಟದಂತೆ ಸೇದಿದರು. ಸಾರ ಸೇದಿದವರ ರಕ್ತದಲ್ಲಿ ಟಿಎಚ್‌ಸಿ ಬಹಳ ಹೆಚ್ಚಿದ್ದರೂ ಅವರು ಹೇಳಿಕೊಂಡ ಅಮಲು ಹೂವು ಸೇದಿದವರದಕ್ಕಿಂತ ಹೆಚ್ಚೇನೂ ಇರಲಿಲ್ಲ. ಹಾನಿಯ ಕಡೆಗೆ ನೋಡಿದರೆ ಮಾತ್ರ ಶೇಕಡಾವಾರಿಗೆ ಬೆಲೆಯಿದೆ: ಯೂರೋಪಿನ ಹಲವು ನಗರಗಳನ್ನೂ ಬ್ರೆಜಿಲ್ಲನ್ನೂ ಒಳಗೊಂಡು 2019ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ, ಶೇ. 10ಕ್ಕೂ ಮೇಲ್ಪಟ್ಟ ಟಿಎಚ್‌ಸಿಯ ಗಾಂಜಾವನ್ನು ದಿನವೂ ಬಳಸುವವರಲ್ಲಿ ಚಿತ್ತವಿಕಾರದ (ಸೈಕೋಸಿಸ್) ಸಂಭವ, ಎಂದೂ ಬಳಸದವರಿಗೆ ಹೋಲಿಸಿದರೆ ಸುಮಾರು ಐದು ಪಟ್ಟು ಹೆಚ್ಚಿತ್ತು. ಇಂದಿನ ಅಂಗಡಿಗಳಲ್ಲಿ ಶೇ. 10ಕ್ಕಿಂತ ಕಡಿಮೆಯ ಹೂವನ್ನು ಹುಡುಕಿಯೇ ತೆಗೆಯಬೇಕಾಗಿದೆ ಎಂಬುದು ನನಗೆ ನಿಜಕ್ಕೂ ಕಳವಳದ ಸಂಗತಿ. ಹೊಸಬರು ಶೇ. 10 ಅಥವಾ ಅದಕ್ಕಿಂತ ಕಡಿಮೆ ಟಿಎಚ್‌ಸಿ ಇರುವ, ಸಿಬಿಡಿ ಅದಕ್ಕೆ ಸಮ ಅಥವಾ ಹೆಚ್ಚಿರುವ ಸರಕಿನಿಂದ ಆರಂಭಿಸಬೇಕೆಂಬುದೇ ಕೆನಡಾದ ಆರೋಗ್ಯ ಇಲಾಖೆಯ ಸಲಹೆ. ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಸೇದುವುದೋ, ತಿನ್ನುವುದೋ

ಒಂದೇ ಗಿಡದ ಸಾರವನ್ನು ಸೇದಿದಾಗಿನ ಅನುಭವಕ್ಕೂ ತಿಂದಾಗಿನ ಅನುಭವಕ್ಕೂ ಇರುವ ಅಂತರ, ಎರಡು ತಳಿಗಳ ನಡುವಿನ ಅಂತರಕ್ಕಿಂತ ದೊಡ್ಡದು. ಹೊಗೆಯಾಗಿ ಅಥವಾ ಆವಿಯಾಗಿ ಒಳಗೆಳೆದುಕೊಂಡರೆ ಕೆಲವೇ ನಿಮಿಷಗಳಲ್ಲಿ ಪರಿಣಾಮ ಶುರುವಾಗಿ, ಅರ್ಧ ಗಂಟೆಯೊಳಗೆ ತುತ್ತತುದಿ ಮುಟ್ಟಿ, ಹೆಚ್ಚೆಂದರೆ ಆರು ಗಂಟೆಗಳವರೆಗೆ ಇರುತ್ತದೆ. ಗಮ್ಮಿ (ಮೆತ್ತನೆಯ ಮಿಠಾಯಿ), ಚಾಕೊಲೇಟ್ ಮುಂತಾದವನ್ನು ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆಯ ನಂತರ ಶುರುವಾಗುತ್ತದೆ, ಪೂರ್ಣ ಬಲಕ್ಕೆ ಬರಲು ನಾಲ್ಕು ಗಂಟೆಯಾಗಬಹುದು, 12 ಗಂಟೆಯವರೆಗೂ ಉಳಿಯಬಹುದು. ತಿಂದ ಟಿಎಚ್‌ಸಿ ಯಕೃತ್ತಿನ ಮೂಲಕ ಹಾದುಹೋಗುವಾಗ ಅದರ ಒಂದು ಪಾಲು 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಅದೂ ಮಿದುಳಿಗೆ ಸುಲಭವಾಗಿ ಸೇರಿ ಅಮಲು ಕೊಡುವಂಥದ್ದೇ.

ತಿನ್ನುವವರು ಎಡವುವುದು ಕಾಯುವಿಕೆಯಲ್ಲಿ. ಒಂದು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರೆ ಎರಡೂ ಒಟ್ಟಿಗೆ ಏರುತ್ತವೆ. ಕೆನಡಾದಲ್ಲಿ ತಿನ್ನುವ ಸರಕಿನ ಒಂದು ಪ್ಯಾಕೆಟ್‌ಗೆ 10 ಮಿಲಿಗ್ರಾಂ ಟಿಎಚ್‌ಸಿಯ ಮಿತಿಯಿರುವುದು ಈ ಕಾರಣಕ್ಕೇ. ಮೊದಲ ಸಲಕ್ಕೆ 2.5 ಮಿಲಿಗ್ರಾಂ ಸಾಕು. 10 ಮಿಲಿಗ್ರಾಂನ ಒಂದೇ ಗಮ್ಮಿ ಇದ್ದರೆ ಅದನ್ನು ನಾಲ್ಕು ಭಾಗ ಮಾಡಬೇಕು. ಇನ್ನೊಂದು ಕಡೆ, ಹೊಗೆ ಶ್ವಾಸಕೋಶಕ್ಕೆ ಹಿತವಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಆಸ್ತಮಾ ಇರುವವರು ಹೂವಿನ ಕಪಾಟಿನ ಕಡೆಗೆ ಹೋಗದಿರುವುದೇ ಲೇಸು. ಎಣ್ಣೆಯ ರೂಪದ್ದು ಮಾತ್ರ ಹನಿಯ ಲೆಕ್ಕದಲ್ಲಿ ಪ್ರಮಾಣವನ್ನು ಸಣ್ಣದಾಗಿ ಏರಿಸಿ ಇಳಿಸಲು ಬರುತ್ತದೆಯಾದ್ದರಿಂದ, ಕಾಯುವ ತಾಳ್ಮೆಯಿರುವವರಿಗೆ ನಾನು ಮೊದಲು ಸೂಚಿಸುವುದು ಅದನ್ನೇ.

ಪರಿಮಳಕ್ಕೆ ಎಷ್ಟು ಬೆಲೆ ಕೊಡಬೇಕು

ಟರ್ಪೀನ್‌ಗಳೆಂಬ ಪರಿಮಳದ ರಾಸಾಯನಿಕಗಳ ಪಟ್ಟಿಯನ್ನು ಈಗ ಹಲವು ಪ್ಯಾಕೆಟ್‌ಗಳ ಮೇಲೆ ಕಾಣಬಹುದು. ಇವು ನಮಗೆ ಹೊಸವಲ್ಲ. ಮಲೆನಾಡಿನ ಕರಿಮೆಣಸಿನ ಘಾಟಿನ ಹಿಂದಿರುವ ಕ್ಯಾರಿಯೊಫಿಲೀನ್, ನಿಂಬೆ-ಕಿತ್ತಳೆಯ ಸಿಪ್ಪೆಯ ಲಿಮೊನೀನ್, ಲ್ಯಾವೆಂಡರ್‌ನಲ್ಲಿರುವ ಲಿನಲೂಲ್, ಮಾವಿನಲ್ಲಿಯೂ ಇರುವ ಮಿರ್ಸೀನ್, ದೇವದಾರು ಜಾತಿಯ ಮರಗಳ ಪೈನೀನ್ ಇವೇ ಗಾಂಜಾದಲ್ಲಿಯೂ ಇವೆ. ಮೇಲೆ ಹೇಳಿದ ಅಮೆರಿಕದ ದೊಡ್ಡ ವಿಶ್ಲೇಷಣೆಯಲ್ಲಿ ಟಿಎಚ್‌ಸಿ ಪ್ರಧಾನವಾದ ಹೂವುಗಳು ಪರಿಮಳದ ಆಧಾರದ ಮೇಲೆ ಮೂರು ಗುಂಪುಗಳಾಗಿ ನಿಂತವು: ಕ್ಯಾರಿಯೊಫಿಲೀನ್ ಮತ್ತು ಲಿಮೊನೀನ್ ಮುಂದಿರುವವು, ಮಿರ್ಸೀನ್ ಮತ್ತು ಪೈನೀನ್ ಮುಂದಿರುವವು, ಟರ್ಪಿನೊಲೀನ್ ಮುಂದಿರುವವು. ತಳಿಯ ಹೆಸರಿಗಿಂತ ಈ ಗುಂಪನ್ನು ನೋಡಿ ಕೊಂಡರೆ ಮುಂದಿನ ಸಲವೂ ಹತ್ತಿರದ್ದೇ ಸಿಗುವ ಸಂಭವ ಹೆಚ್ಚು.

ಆದರೆ ಮಿರ್ಸೀನ್ ನಿದ್ದೆ ತರಿಸುತ್ತದೆ, ಪೈನೀನ್ ನೆನಪನ್ನು ಕಾಯುತ್ತದೆ ಎಂಬ ಜಾಹೀರಾತಿನ ಮಾತುಗಳು ಮನುಷ್ಯರ ಮೇಲಿನ ನಿಯಂತ್ರಿತ ಪ್ರಯೋಗಗಳಿಂದ ಸ್ಥಿರಪಟ್ಟಿಲ್ಲ. ಇವುಗಳಲ್ಲಿ ಲಿಮೊನೀನ್‌ಗೆ ಮಾತ್ರ ಗಮನಿಸತಕ್ಕ ಆಧಾರ ಸಿಕ್ಕಿದೆ: ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದ, 20 ಮಂದಿಯ ಸಣ್ಣ ಅಧ್ಯಯನದಲ್ಲಿ 30 ಮಿಲಿಗ್ರಾಂ ಟಿಎಚ್‌ಸಿಯೊಂದಿಗೆ 15 ಮಿಲಿಗ್ರಾಂ ಲಿಮೊನೀನ್ ಆವಿ ಸೇರಿದಾಗ ಕಳವಳವೂ ಸಂಶಯವೂ ಕಡಿಮೆಯಾದವು. ಹೂವಿನಲ್ಲಿ ಸಹಜವಾಗಿರುವ ಲಿಮೊನೀನ್ ಟಿಎಚ್‌ಸಿಗೆ ಹೋಲಿಸಿದರೆ ಬಹಳ ಕಡಿಮೆ ಎಂಬುದನ್ನೂ ಇದರ ಜೊತೆಗೇ ನೆನೆಯಬೇಕು. ಎರಡು ಸರಕುಗಳು ಉಳಿದೆಲ್ಲದರಲ್ಲಿ ಸಮವಾಗಿದ್ದಾಗ ಮೂಗಿಗೆ ಹಿಡಿಸಿದ್ದನ್ನು ಆರಿಸುವುದಕ್ಕೆ ಪರಿಮಳ ಸಾಕಾದ ಕಾರಣ. ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಬಾರದು.

ಯಾವ ಪರಿಣಾಮಕ್ಕೆ ಯಾವುದು

ನಿದ್ದೆಗಾಗಿ ಕೊಳ್ಳುವವರೇ ಬಹಳ. ಅವರು ಮೊದಲು ತಮ್ಮ ತೊಂದರೆಯ ಬಗೆಯನ್ನು ಗುರುತಿಸಿಕೊಳ್ಳಬೇಕು. ಹಾಸಿಗೆಗೆ ಹೋದಮೇಲೆ ನಿದ್ದೆ ಹತ್ತುವುದೇ ಕಷ್ಟವಾದರೆ ಬೇಗ ಏರಿ ಬೇಗ ಇಳಿಯುವ ಆವಿಯ ರೂಪ ಹೊಂದುತ್ತದೆ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಮಲಗುವ ಒಂದೂವರೆ ಅಥವಾ ಎರಡು ಗಂಟೆ ಮೊದಲು ತೆಗೆದುಕೊಂಡ 2.5 ಮಿಲಿಗ್ರಾಂನ ಎಣ್ಣೆ ಅಥವಾ ಗಮ್ಮಿ ಹೆಚ್ಚು ಹೊತ್ತು ಕಾಯುತ್ತದೆ. ಪ್ರಮಾಣ ಹೆಚ್ಚಿಸಿದರೆ ಮರುದಿನ ಬೆಳಿಗ್ಗೆಯೂ ಮಂಕು ಉಳಿಯುತ್ತದೆ. ಇಂಡಿಕಾ ಎಂಬ ಹಣೆಪಟ್ಟಿಗಾಗಿ ಹೆಚ್ಚು ಹಣ ಕೊಡಬೇಕಾದ ಅಗತ್ಯವಿಲ್ಲ. ಸಿಬಿಎನ್ ಎಂಬ ಇನ್ನೊಂದು ರಾಸಾಯನಿಕವನ್ನು ನಿದ್ದೆಗೆಂದೇ ಸೇರಿಸಿ ಮಾರುತ್ತಾರೆ. ಅದು ಟಿಎಚ್‌ಸಿ ಹಳತಾದಾಗ ಉಂಟಾಗುವಂಥದ್ದು, ಮತ್ತು ಅದಕ್ಕೆ ಸಿಕ್ಕಿರುವ ಪ್ರಚಾರದಷ್ಟು ಪುರಾವೆ ಸಿಕ್ಕಿಲ್ಲ. ಟಿಎಚ್‌ಸಿ ಕನಸು ಕಾಣುವ ಹಂತದ ನಿದ್ದೆಯನ್ನು ತಗ್ಗಿಸುತ್ತದೆ. ದಿನವೂ ಬಳಸಿದರೆ ದೇಹ ಒಗ್ಗಿಹೋಗಿ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಬಿಟ್ಟಾಗ ಕೆಲವು ರಾತ್ರಿಗಳು ನಿದ್ದೆಗೇಡೂ ವಿಚಿತ್ರ ಕನಸುಗಳೂ ಕಾಡುತ್ತವೆ. ಹೀಗಾಗಿ ದೂರ ಪ್ರಯಾಣದ ಆಯಾಸದಂಥ ತಾತ್ಕಾಲಿಕ ಕಾರಣಕ್ಕೆ ಇದು ಒಂದು ಆಯ್ಕೆಯಾದೀತು, ತಿಂಗಳುಗಟ್ಟಲೆಯ ನಿದ್ರಾಹೀನತೆಗೆ ಅಲ್ಲ. ಗೊರಕೆಯ ನಡುವೆ ಉಸಿರುಗಟ್ಟುವ ಸ್ಲೀಪ್ ಆಪ್ನಿಯಾ ಇರುವವರು ಇದನ್ನು ಬಳಸಬಾರದೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2018ರಲ್ಲಿಯೇ ಹೇಳಿದೆ.

ಮನಸ್ಸಿನ ಒತ್ತಡ ಇಳಿಸಿಕೊಳ್ಳಬೇಕೆನ್ನುವವರ ವಿಷಯದಲ್ಲಿ ಪ್ರಮಾಣದ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಷಿಕಾಗೊದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪರಿಚಿತರೆದುರು ಮಾತನಾಡಬೇಕಾದ ಒತ್ತಡಕ್ಕೆ ಸಿಕ್ಕವರಿಗೆ 7.5 ಮಿಲಿಗ್ರಾಂ ಟಿಎಚ್‌ಸಿ ಸಮಾಧಾನ ಕೊಟ್ಟಿತು, 12.5 ಮಿಲಿಗ್ರಾಂ ತೆಗೆದುಕೊಂಡವರ ಮನಸ್ಸು ಕೆಲಸಕ್ಕೆ ಮೊದಲೂ ನಡುವೆಯೂ ಇನ್ನಷ್ಟು ಕದಡಿತು. ಐದು ಮಿಲಿಗ್ರಾಂ ಆಚೀಚೆಯಾದರೆ ಔಷಧವೇ ಒತ್ತಡವಾಗುವ ಈ ವಸ್ತುವಿನಲ್ಲಿ, ಇದು ಶಾಂತಿ ಕೊಡುವ ತಳಿ ಎಂಬ ಮಾತಿಗೆ ಏನು ಅರ್ಥವಿದ್ದೀತು? ಕಳವಳದ ಸ್ವಭಾವದವರು ಸಿಬಿಡಿ ಪ್ರಧಾನವಾದ ಬಗೆಯಿಂದ ಆರಂಭಿಸುವುದು ಕ್ಷೇಮ. ಆದರೆ ಅದರ ಬಗೆಗೂ ನಿರೀಕ್ಷೆಯನ್ನು ಹದವಾಗಿ ಇಟ್ಟುಕೊಳ್ಳಬೇಕು: ಬ್ರೆಜಿಲ್ಲಿನ ಸಂಶೋಧಕರು ಸಭಾಕಂಪನದ ರೋಗಿಗಳಲ್ಲಿ ಕಳವಳ ತಗ್ಗಿದ್ದನ್ನು ಕಂಡದ್ದು 600 ಮಿಲಿಗ್ರಾಂ ಸಿಬಿಡಿ ಕೊಟ್ಟಾಗ, ಅಂಗಡಿಯ ಗಮ್ಮಿಯೊಂದರಲ್ಲಿ ಇರುವುದು ಸಾಮಾನ್ಯವಾಗಿ ಕೆಲವು ಹತ್ತು ಮಿಲಿಗ್ರಾಂ ಮಾತ್ರ.

ಗೆಳೆಯರೊಂದಿಗೆ ನಗುತ್ತ ಮಾತನಾಡುವ ಸಂಜೆಗೆ ಸಮಪ್ರಮಾಣದ ಹೂವಿನ ಒಂದೆರಡು ಎಳೆತ ಸಾಕು. ತಿನ್ನುವ ಸರಕು ಇಂಥ ಕಡೆ ಹೊಂದುವುದಿಲ್ಲ, ಏಕೆಂದರೆ ಕೂಟ ಮುಗಿದು ಮನೆಗೆ ಹೊರಟ ಹೊತ್ತಿಗೆ ಅದು ಏರತೊಡಗುತ್ತದೆ. ಮದ್ಯದ ಜೊತೆಗೆ ಎಂದೂ ಬೇಡ. ಎರಡೂ ಒಂದನ್ನೊಂದು ಬೆಳೆಸುತ್ತವೆ. ಓದಿನಲ್ಲಿ ಏಕಾಗ್ರತೆಗೆ, ಸೃಜನಶೀಲತೆಗೆ ಸಟೈವಾ ಎಂಬ ಮಾತನ್ನು ಮಾತ್ರ ಕೈಬಿಡಬೇಕು: ಟಿಎಚ್‌ಸಿ ತಾತ್ಕಾಲಿಕ ನೆನಪನ್ನೂ ಗಮನವನ್ನೂ ಕುಂದಿಸುತ್ತದೆ, ಇದಕ್ಕೆ ತಳಿಯ ವಿನಾಯಿತಿಯಿಲ್ಲ.

ದೀರ್ಘಕಾಲದ ನೋವಿಗೆ ಗಾಂಜಾ ನೆರವಾಗುವುದಕ್ಕೆ ಆಧಾರವಿದೆಯೆಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ಒಪ್ಪಿತು. ಪರಿಹಾರದ ಮಟ್ಟ ಮಾತ್ರ ಸಾಧಾರಣವಾದದ್ದು. ವೈದ್ಯ ತಜ್ಞರ ಅಂತರರಾಷ್ಟ್ರೀಯ ತಂಡವೊಂದು 2021ರಲ್ಲಿ ಕೊಟ್ಟ ಮಾರ್ಗಸೂಚಿಯು, ಉಳಿದ ಚಿಕಿತ್ಸೆಗಳು ಸಾಲದಾದಾಗ ಸೇದದ ರೂಪಗಳನ್ನು ಪ್ರಯತ್ನಿಸಬಹುದೆಂದು ಎಚ್ಚರಿಕೆಯಿಂದ ಶಿಫಾರಸು ಮಾಡಿತು. ಕೆನಡಾ 2005ರಲ್ಲಿ ಒಪ್ಪಿಗೆ ಕೊಟ್ಟ ಸಾಟಿವೆಕ್ಸ್ ಎಂಬ ಬಾಯಿಯ ಸ್ಪ್ರೇಯಲ್ಲಿ ಒಂದು ಸಲಕ್ಕೆ 2.7 ಮಿಲಿಗ್ರಾಂ ಟಿಎಚ್‌ಸಿಯೂ 2.5 ಮಿಲಿಗ್ರಾಂ ಸಿಬಿಡಿಯೂ ಇರುತ್ತವೆ. ಔಷಧವಾಗಿ ಪರೀಕ್ಷೆಗೊಳಗಾದ ಈ ಸರಕಿನ ಪ್ರಮಾಣವನ್ನು ಅಂಗಡಿಯ ಎಣ್ಣೆಗೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ನೋವಿಗೆಂದು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರಿಗೆ ವೈದ್ಯಕೀಯ ಬಳಕೆಯ ಪ್ರತ್ಯೇಕ ವ್ಯವಸ್ಥೆಯೇ ಅಲ್ಲಿದೆ.

ಯಾವುದನ್ನೂ ಆರಿಸಬಾರದವರು

ಚಿತ್ತವಿಕಾರದ ಇತಿಹಾಸ ತಮಗಾಗಲಿ ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹೃದ್ರೋಗಿಗಳು ಟಿಎಚ್‌ಸಿಯಿಂದ ಪೂರ್ತಿ ದೂರವಿರಬೇಕು. ಮಿದುಳಿನ ಬೆಳವಣಿಗೆ 25ರ ಆಸುಪಾಸಿನವರೆಗೂ ನಡೆಯುತ್ತದೆಯಾದ್ದರಿಂದ, ಕಾನೂನು ಅನುಮತಿಸಿದರೂ ವಿದ್ಯಾರ್ಥಿಗಳು ಮುಂದೂಡುವುದು ಒಳ್ಳೆಯದು. ರಕ್ತ ತೆಳುವಾಗಿಸುವ ವಾರ್ಫರಿನ್, ಅಪಸ್ಮಾರದ ಕ್ಲೊಬಜಾಮ್ ಮುಂತಾದ ಔಷಧಗಳ ಮಟ್ಟವನ್ನು ಸಿಬಿಡಿ ಏರಿಸಬಲ್ಲದು. ಅಮಲಿಲ್ಲ ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಊರಿನಿಂದ ಬಂದಿರುವ ತಂದೆತಾಯಿ ಇಂಥ ಮಾತ್ರೆಗಳನ್ನು ನುಂಗುತ್ತಿದ್ದರೆ, ಮೊಣಕಾಲು ನೋವಿಗೆಂದು ಅವರಿಗೆ ಸಿಬಿಡಿ ಎಣ್ಣೆ ಕೊಡುವ ಮೊದಲು ಫಾರ್ಮಸಿಸ್ಟರನ್ನು ಕೇಳಲೇಬೇಕು. ಮಕ್ಕಳಿರುವ ಮನೆಯಲ್ಲಿ ಗಮ್ಮಿಗಳನ್ನು ಬೀಗದಲ್ಲಿಡಬೇಕು. ತಿನ್ನುವ ಸರಕು ಮಾರಾಟಕ್ಕೆ ಬಂದ ಮೇಲೆ ಒಂಟಾರಿಯೊ ಮುಂತಾದ ಪ್ರಾಂತ್ಯಗಳಲ್ಲಿ, ಗೊತ್ತಿಲ್ಲದೆ ಅದನ್ನು ತಿಂದು ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು.

ವಾಹನ ಚಾಲನೆಯ ವಿಷಯದಲ್ಲಿ ಹೊರನಾಡಿನವರಿಗೆ ಇನ್ನೊಂದು ಎಚ್ಚರಿಕೆಯಿದೆ. ಅಮಲಿನಲ್ಲಿ ವಾಹನ ಓಡಿಸುವ ಅಪರಾಧಕ್ಕೆ ಕೆನಡಾ 2018ರ ಡಿಸೆಂಬರ್ 18ರಿಂದ ಗರಿಷ್ಠ ಶಿಕ್ಷೆಯನ್ನು 10 ವರ್ಷಕ್ಕೆ ಏರಿಸಿದ್ದು, ವಲಸೆ ಕಾನೂನಿನ ಪ್ರಕಾರ ಅದೀಗ ಗಂಭೀರ ಅಪರಾಧವೆನಿಸಿ ಕಾಯಂ ನಿವಾಸದ ಹಕ್ಕಿಗೇ ಕುತ್ತು ತರಬಲ್ಲದು. ರಕ್ತದಲ್ಲಿ ಮಿಲಿಲೀಟರಿಗೆ 2 ನ್ಯಾನೊಗ್ರಾಂ ಟಿಎಚ್‌ಸಿ ಸಿಕ್ಕರೂ ಅಪರಾಧವೇ. ಇನ್ನು, ಕೊಂಡದ್ದನ್ನು ಗಡಿ ದಾಟಿಸುವುದು ಎರಡೂ ಕಡೆ ಅಪರಾಧ. ಭಾರತದಲ್ಲಿ ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಹೂವು ತುಂಬಿದ ತುದಿಗಳೇ ಗಾಂಜಾ. ಅಲ್ಪ ಪ್ರಮಾಣಕ್ಕೂ ಒಂದು ವರ್ಷದವರೆಗೆ ಸೆರೆವಾಸವಾಗಬಹುದು, ಹೊರದೇಶದಿಂದ ತಂದರೆ ಪ್ರಕರಣ ಇನ್ನೂ ಬಿಗಿಯಾಗುತ್ತದೆ. ಆರೂಢ, ಅವಧೂತ ಪರಂಪರೆಗಳ ಕೆಲವರಲ್ಲಿ ಇದರ ಬಳಕೆ ಹಿಂದಿನಿಂದ ಇದ್ದರೂ ಆ ರೂಢಿ ಕಾನೂನಿನ ಮುಂದೆ ರಕ್ಷಣೆ ಕೊಡುವುದಿಲ್ಲ. ಊರಿಗೆ ಹೊರಡುವ ಮೊದಲು ಚೀಲದ ಮೂಲೆಯಲ್ಲಿ ಉಳಿದ ಒಂದು ಗಮ್ಮಿಯನ್ನೂ ಬಿಡದೆ ಹುಡುಕಿ ತೆಗೆಯಬೇಕು.

ಎರಡು ಸರಕುಗಳನ್ನು ಹೋಲಿಸುವ ವಿಧಾನ

ಇಷ್ಟನ್ನು ತಿಳಿದ ಮೇಲೂ ಒಬ್ಬೊಬ್ಬರ ದೇಹ ಒಂದೊಂದು ರೀತಿ ಸ್ಪಂದಿಸುತ್ತದೆಯಾದ್ದರಿಂದ, ತನಗೆ ಹೊಂದುವುದನ್ನು ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬೇಕಾಗುತ್ತದೆ. ಅದಕ್ಕೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರೂಪವನ್ನೂ ಪ್ರಮಾಣವನ್ನೂ ಅದೇ ಇಟ್ಟುಕೊಂಡು ಟಿಎಚ್‌ಸಿ-ಸಿಬಿಡಿಯ ಅನುಪಾತವನ್ನಷ್ಟೇ ಬದಲಿಸಿದರೆ ವ್ಯತ್ಯಾಸ ಯಾವುದರಿಂದ ಬಂತೆಂದು ತಿಳಿಯುತ್ತದೆ. ಎರಡು ಪ್ರಯತ್ನಗಳ ನಡುವೆ ಕೆಲವು ದಿನಗಳ ಬಿಡುವಿರಲಿ, ಮರುದಿನ ಕೆಲಸವಾಗಲಿ ಪ್ರಯಾಣವಾಗಲಿ ಇರದಿರಲಿ, ನಂಬಿಕೆಯ ಒಬ್ಬರು ಜೊತೆಗಿರಲಿ. ಹೆಚ್ಚಾಯಿತೆನಿಸಿದರೆ ಶಾಂತವಾದ ಕಡೆ ಕುಳಿತು ನೀರು ಕುಡಿಯುತ್ತ ಇಳಿಯುವವರೆಗೆ ಕಾಯುವುದೇ ಉಪಾಯ; ಎದೆನೋವು, ನಿಲ್ಲದ ವಾಂತಿ, ಎಬ್ಬಿಸಿದರೂ ಏಳದ ಮಂಪರು ಕಂಡರೆ ಮಾತ್ರ ತಡಮಾಡದೆ 911ಕ್ಕೆ ಕರೆ ಮಾಡಬೇಕು.

ಹಿಡಿಸಿದ ಸರಕಿನ ಪ್ಯಾಕೆಟ್ಟನ್ನು ಎಸೆಯುವ ಮೊದಲು ಟೋಟಲ್ ಟಿಎಚ್‌ಸಿ, ಟೋಟಲ್ ಸಿಬಿಡಿ, ಮುಂದಿರುವ ಎರಡು ಟರ್ಪೀನ್‌ಗಳು, ಪ್ಯಾಕಿಂಗ್ ದಿನಾಂಕ ಮತ್ತು ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದಿನ ಸಲ ಅದೇ ಹೆಸರಿನ, ಅದೇ ಕಂಪನಿಯ ಪ್ಯಾಕೆಟ್ ಸಿಕ್ಕರೂ ಬೆಳೆ ಬೇರೆಯದಾಗಿದ್ದು ಸಂಖ್ಯೆಗಳು ಬದಲಾಗಿರಬಹುದು. ಆಗ ಅಂಗಡಿಯವರ ಮುಂದೆ ಹೆಸರಿನ ಬದಲು ಈ ಟಿಪ್ಪಣಿಯನ್ನು ಇಟ್ಟು, ಇದಕ್ಕೆ ಹತ್ತಿರವಾದದ್ದು ಯಾವುದಿದೆಯೆಂದು ಕೇಳಬೇಕು.